ವಾರಂಟಿ ಮುಗಿಯುವ ಮುಂಚೆ

ಲ್ಯಾಪ್‌ಟಾಪ್ ಚೆನ್ನಾಗಿಯೇ ಇತ್ತು. ಮಾವನಿಗೆ ಸಹಿಸಲಾಗದೆ ಹೋದದ್ದು ಅದನ್ನೇ.

ಅವರು ಪಂಪು ತಯಾರಿಸುವ ಕಾರ್ಖಾನೆಯೊಂದರ ಸ್ಟೋರಿನಲ್ಲಿ, ಕಬ್ಬಿಣದ ಜಾಲರಿಯ ಹಿಂದೆ ಕೂತು, ಕಿಂಡಿಯಿಂದ ಬೋಲ್ಟು, ಬೇರಿಂಗು, ಕೈಗವಸು ಕೊಡುತ್ತ ತಲೆಗೂದಲು ಹಣ್ಣು ಮಾಡಿಕೊಂಡವರು. ಹಳೆಯದನ್ನು ತಂದು ತೋರಿಸದೆ ಹೊಸದನ್ನು ಮ್ಯಾನೇಜರಿಗೂ ಕೊಟ್ಟವರಲ್ಲ. ಬೀದಿಯಲ್ಲಿ ಈಗಲೂ ಅವರಿಗೆ ಸ್ಟೋರ್ ಸಾಹೇಬರು ಎಂದೇ ಹೆಸರು. ಅವರ ಲೆಕ್ಕದಲ್ಲಿ ವಾರಂಟಿ ಎಂದರೆ ಕಂಪನಿಯವರು ನಮ್ಮ ಹೆಸರಿನಲ್ಲಿ ಎತ್ತಿಟ್ಟಿರುವ ಸಾಮಾನು. ಗಡುವಿನೊಳಗೆ ಹೋಗಿ ತೆಗೆದುಕೊಳ್ಳದವನು ದಡ್ಡ. ಈ ಸಿದ್ಧಾಂತದ ಬಲದಿಂದ ಅವರು ಮಿಕ್ಸಿಯ ಜಾರು, ಫ್ಯಾನಿನ ಮೋಟಾರು ಎಲ್ಲವನ್ನೂ ಗಡುವಿನ ಅಂಚಿನಲ್ಲಿ ಬದಲಾಯಿಸಿಕೊಂಡಿದ್ದರು. ಹತ್ತು ವರ್ಷ ವಾರಂಟಿಯ ಹಾಸಿಗೆಯನ್ನಂತೂ ಒಂಬತ್ತನೆಯ ವರ್ಷದಲ್ಲಿ ಅಳತೆಪಟ್ಟಿ ಹಿಡಿದು, ಅದರ ತಗ್ಗು ಅಳೆದು, ವಾದ ಮಾಡಿ ಹೊಸದು ತರಿಸಿದ್ದರು. ಆ ಹಾಸಿಗೆಯ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿಲ್ಲ. ಮಗ್ಗುಲು ಬದಲಿಸಿದರೆ ಮನೆಗೆಲ್ಲ ಕೇಳುತ್ತದೆ.

ಒಂದು ಬೆಳಿಗ್ಗೆ ತಿಂಡಿ ಮುಗಿಸಿದವರೇ ಲ್ಯಾಪ್‌ಟಾಪನ್ನು ಮಗುಚಿ ಹಾಕಿ, ಅದರ ಬೆನ್ನ ಮೇಲಿನ ಸಣ್ಣ ನಂಬರನ್ನು ಮೊಮ್ಮಗಳು ಪುಟ್ಟಿಯಿಂದ ಓದಿಸಿದರು. ಕಂಪನಿಯ ವೆಬ್‌ಸೈಟಿನಲ್ಲಿ ಆ ನಂಬರು ಹಾಕಿದ್ದೇ ತಡ, ವಾರಂಟಿಯ ಜಾತಕವೆಲ್ಲ ಬಿಚ್ಚಿಕೊಂಡಿತು. ಮನೆಗೇ ಬಂದು ರಿಪೇರಿ, ಕೀಬೋರ್ಡ್ ಮತ್ತು ಬ್ಯಾಟರಿ ಸೇರಿ. ಅದರ ಮೇಲೆ, ಕೈಜಾರಿ ಬಿದ್ದರೆ, ಏನಾದರೂ ಚೆಲ್ಲಿದರೆ, ಒಂದು ಸಲಕ್ಕೆ ಅಪಘಾತದ ರಕ್ಷಣೆ. ಎಲ್ಲವೂ ಈ ತಿಂಗಳ ಕೊನೆಯವರೆಗೆ.

"ಒಂದೇ ಒಂದು ಸಲವೂ ಉಪಯೋಗಿಸಿಲ್ಲ ನಾವು," ಎಂದರು ಮಾವ, ಮನೆಗೆ ಕನ್ನ ಬಿದ್ದವರ ದನಿಯಲ್ಲಿ.

ಸೊಸೆ ಬ್ರೆಡ್ಡಿನ ಚೂರುಗಳನ್ನು ಮೇಜಿನಿಂದ ಗೋರಿ ತೆಗೆಯುತ್ತಿದ್ದಳು. "ಅದು ಕೆಟ್ಟೇ ಇಲ್ವಲ್ಲ ಮಾವ."

"ಒಂದು ಕೀ ಅಂಟುತ್ತೆ ಅಂತ ನೀನೇ ಹೇಳಿದ್ದೆ. ಬ್ಯಾಟರಿ ಬೇಗ ಇಳಿಯುತ್ತೆ ಅಂದಿದ್ದೂ ನೀನೇ."

"ಅದಕ್ಕೆ ಹೊಂದಿಕೊಂಡಿದ್ದೀನಿ."

"ಯಾಕೆ ಹೊಂದಿಕೊಳ್ಳಬೇಕು? ಹೊಸದೇ ಸಿಗುವಾಗ."

ಮದುವೆಯಾದಾಗಿನಿಂದ ಹೊಂದಿಕೊಂಡು ಹೋಗು ಎಂಬ ಮಾತೊಂದನ್ನು ಬಿಟ್ಟು ಬೇರೆ ಬುದ್ಧಿವಾದ ಕೇಳದ ಆ ಹೆಣ್ಣಿಗೆ, ಯಾಕೆ ಹೊಂದಿಕೊಳ್ಳಬೇಕು ಎಂದು ಒಬ್ಬರು ಕೇಳಿದ್ದು ಅದೇ ಮೊದಲು. ಅದೂ ಒಂದು ಕೀಯ ಸಲುವಾಗಿ. ಅವಳಿಗೆ ನಗು ಬಂತು. ನಗುವ ಹೊತ್ತು ಅದಲ್ಲ ಎಂದು ನುಂಗಿಕೊಂಡಳು.

ಆ ತಿಂಗಳು ಅವಳಿಗೆ ಲ್ಯಾಪ್‌ಟಾಪ್ ಒಂದು ದಿನವೂ ಕೈಬಿಟ್ಟು ಹೋಗುವಂತಿರಲಿಲ್ಲ. ಪಾಠಗಳ ವಿಡಿಯೊ ತಯಾರಿಸುವ ಒಂದು ಆಫೀಸು ಅವಳನ್ನು ಪರೀಕ್ಷೆಗೆಂದು ತೆಗೆದುಕೊಂಡಿತ್ತು. ಮೇಷ್ಟರು ಹೇಳಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ, ಕಿವಿ ಕೇಳಿಸದ ಮಕ್ಕಳೂ ಓದಲಿ ಎಂದು ಪರದೆಯ ಕೆಳಗೆ ಬರುವ ಸಾಲುಗಳನ್ನು ಟೈಪು ಮಾಡುವ ಕೆಲಸ. ತಿಂಗಳು ಪೂರ್ತಿ ತಪ್ಪದೆ ಮಾಡಿಕೊಟ್ಟರೆ ಕೆಲಸ ಖಾಯಂ, ಆಫೀಸಿನಲ್ಲೇ ಕುರ್ಚಿ. ಆಫೀಸು ಪಟ್ಟಣದ ಆಚೆ ತುದಿಯಲ್ಲಿ. ಇಲ್ಲಿಂದ ದಿನಾ ಹೋಗಿ ಬರುವ ಮಾತಿಲ್ಲ. ಹಾಗಾಗಿ ಅಲ್ಲೇ ಹತ್ತಿರ, ಬಣ್ಣದ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ ನೋಡಿ ಬಂದಿದ್ದಳು. ಗಂಡ ಹೂಂ ಎಂದಿದ್ದ. ಅತ್ತೆ ಮಾವನಿಗೂ ವಿಷಯ ಗೊತ್ತಿತ್ತು. ಕೆಲಸ ಆಗಲಿ ನೋಡೋಣ ಎಂದಿದ್ದರು ಮಾವ. ಅತ್ತೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಿದ್ದರು.

ಆ ಕೋಣೆಗಳಲ್ಲಿ ಅಂಥ ಅಂದವೇನೂ ಇರಲಿಲ್ಲ. ಟರ್ಪೆಂಟೈನ್ ವಾಸನೆ ಬೇರೆ. ಆದರೆ ಕಿಟಕಿಯ ಕೆಳಗೆ ಒಂದು ಮೇಜು ಹಾಕಬಹುದಿತ್ತು, ಯಾರೂ ಎತ್ತು ಎನ್ನದ ಮೇಜು. ಈ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ತಿಂಡಿಗೆ, ಊಟಕ್ಕೆ, ಪುಟ್ಟಿಯ ಪಾಠಕ್ಕೆ, ಮಾವನ ಪೇಪರಿಗೆ, ತರಕಾರಿ ಹೆಚ್ಚುವುದಕ್ಕೆ ಎಲ್ಲಕ್ಕೂ ಅದೇ. ಪ್ರತಿಸಲವೂ ಸೊಸೆ ಲ್ಯಾಪ್‌ಟಾಪನ್ನು ಎತ್ತಿ ಫ್ರಿಜ್ಜಿನ ತಲೆಯ ಮೇಲಿಟ್ಟು, ಎಲ್ಲರದೂ ಮುಗಿದ ಮೇಲೆ ಇಳಿಸಿಕೊಳ್ಳಬೇಕು. ಮೇಷ್ಟರ ವಾಕ್ಯದ ಅರ್ಧ ಒಂದು ಊಟದ ಈಚೆ, ಇನ್ನರ್ಧ ಆಚೆ.

"ನನ್ನ ಪರೀಕ್ಷೆ ಮುಗಿಯಲಿ ಮಾವ, ಆಮೇಲೆ ಕರೆಸಿ," ಎಂದು ಅವಳು ಕೇಳಿಕೊಂಡಳು. ಆಮೇಲೆ ವಾರಂಟಿ ಇರುವುದಿಲ್ಲ ಎಂದರು ಅವರು. ಲ್ಯಾಪ್‌ಟಾಪ್ ಅವರದೇ, ನಿವೃತ್ತಿಯ ದುಡ್ಡಿನಲ್ಲಿ ಕೊಂಡದ್ದು. ಆ ಮಾತನ್ನು ಅವರು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರಿನವರನ್ನೆಲ್ಲ ಏರಿಸಿ ಇಳಿಸಿ, ಸಂಜೆ ತಾನು ಮಾತ್ರ ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಮನೆಗೆ ಬರುವವನು. ಅವನು ಬಂದು ಶೂ ಬಿಚ್ಚುವ ಮೊದಲೇ ಇಬ್ಬರೂ ಅವನ ಮುಂದೆ ನ್ಯಾಯ ಇಟ್ಟರು. ಅಪ್ಪ ಹೇಳೋದೂ ಸರಿ, ನೀನು ಹೇಳೋದೂ ಸರಿ ಎಂದು ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಆ ಮನೆಯ ಅಡ್ಡಗೋಡೆಗಳ ಮೇಲೆ ಅವನು ಇಟ್ಟ ದೀಪಗಳನ್ನೆಲ್ಲ ಹಚ್ಚಿದರೆ ಬೀದಿಗೆ ಬೆಳಕು ಸಾಕಾಗುತ್ತಿತ್ತು.

ಮಾವ ಸ್ಪೀಕರ್ ಹಾಕಿ ಕಂಪನಿಗೆ ಫೋನ್ ಮಾಡಿದರು. ಈ ಕರೆ ರೆಕಾರ್ಡ್ ಆಗುತ್ತದೆ ಎಂದು ಆ ಕಡೆಯ ಹುಡುಗಿ ಹೇಳಿದಾಗ ಎದೆ ಸೆಟೆಸಿ ಕೂತರು. ಯಾವತ್ತಾದರೂ ನೀರು, ಕಾಫಿ ಏನಾದರೂ ಬಿದ್ದಿದೆಯೇ ಎಂದು ಅವಳು ಕೇಳಿದಳು.

"ನಮ್ಮ ಮನೇಲಿ ಸಾಮಾನು ಹೇಗಿಡಬೇಕು ಅಂತ ಎಲ್ಲರಿಗೂ ಗೊತ್ತಮ್ಮ. ಒಂದು ಹನಿ ಬಿದ್ದಿಲ್ಲ," ಎಂದರು ಮಾವ.

ಅವರು ಹಾಗೆನ್ನುವಾಗ ಅತ್ತೆ ಫ್ರಿಜ್ಜು ಒರೆಸುತ್ತಿದ್ದರು.

ಅತ್ತೆ ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದವರು. ತಮ್ಮ ವಾರ್ಡಿನಲ್ಲಿ ಒಬ್ಬರಿಗೂ ಗಾಯ ಕೀವಾಗಲಿಲ್ಲ ಎಂಬುದು ಅವರ ಬಾಳಿನ ಹೆಮ್ಮೆ. ಡಾಕ್ಟರುಗಳ ಔಷಧಿಯಿಂದಲ್ಲ, ತಮ್ಮ ಒರೆಸುವ ಬಟ್ಟೆಯಿಂದ ಎಂದು ಅವರು ಇವತ್ತಿಗೂ ನಂಬಿದ್ದಾರೆ. ಬಕೆಟ್ಟಿಗೆ ಒಂದು ಮುಚ್ಚಳ ಕ್ರಿಮಿ ಕೊಲ್ಲುವ ಔಷಧಿ ಸುರಿದು, ಬಟ್ಟೆ ಅದ್ದಿ, ಅರೆಬರೆ ಹಿಂಡಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸಿಕ್ಕಿದ್ದನ್ನೆಲ್ಲ ಒರೆಸುವುದು. ಬಾಗಿಲ ಹಿಡಿ, ಟಿವಿಯ ರಿಮೋಟು, ಮಾವನ ಮೊಬೈಲು, ಪುಟ್ಟಿಯ ಕ್ರೇಯಾನುಗಳು, ಫ್ರಿಜ್ಜು, ಫ್ರಿಜ್ಜಿನ ತಲೆ. ತಲೆಯ ಮೇಲಿದ್ದ ಲ್ಯಾಪ್‌ಟಾಪನ್ನೂ ತೆರೆದು, ಕೀಲಿಗಳ ಸಂದಿಗೆ ಬೆರಳು ಹಾಕಿ ಒರೆಸುತ್ತಿದ್ದರು. ಎಲ್ಲರ ಕಣ್ಣೆದುರೇ ನಡೆಯುತ್ತಿದ್ದ ಕೆಲಸ ಅದು. ಆದರೆ ಆ ಮನೆಯಲ್ಲಿ ಒರೆಸುವುದು ಎಂದರೆ ಒರೆಸುವುದು. ಅದನ್ನು ನೀರು ಬೀಳುವುದು ಎಂದು ಯಾರೂ ಎಣಿಸಿರಲಿಲ್ಲ. ಸೊಸೆಯೂ ಎಣಿಸಿರಲಿಲ್ಲ.

ಪರೀಕ್ಷೆಯ ಮೂರನೆಯ ವಾರ ರಿಪೇರಿಯವನು ಹೊಸ ಕೀಬೋರ್ಡು, ಹೊಸ ಬ್ಯಾಟರಿ ಹಿಡಿದುಕೊಂಡು ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದ. ಅರ್ಧ ಗಂಟೆಯ ಕೆಲಸ ಎಂದ. ಸೊಸೆ ಕೇಳಿಸಿಕೊಂಡು ಮುಗಿಸದ ಪಾಠವೊಂದನ್ನು ಉಳಿಸಿಟ್ಟು, ಲ್ಯಾಪ್‌ಟಾಪ್ ಮುಚ್ಚಿ ಅವನ ಕೈಗೆ ಕೊಟ್ಟಳು. ಆಸ್ಪತ್ರೆಯಲ್ಲಿ ಮಗುವನ್ನು ನರ್ಸಿಗೆ ಕೊಡುವ ತಾಯಿಯ ಹಾಗೆ ಪಕ್ಕದಲ್ಲೇ ನಿಂತಳು.

ಅವನು ಹಿಂಬದಿಯ ಮುಚ್ಚಳ ಬಿಚ್ಚಿ, ಟಾರ್ಚು ಹಾಕಿ ನೋಡಿ, ಸ್ಕ್ರೂ ಡ್ರೈವರ್ ಕೆಳಗಿಟ್ಟ. ಒಳಗೆ ಒಂದು ಬಿಳಿ ಚೀಟಿ ಅಂಟಿಸಿರುತ್ತಾರಂತೆ, ತೇವ ತಾಗಿದರೆ ಅದು ಕೆಂಪಾಗುತ್ತದಂತೆ. ಇಲ್ಲಿ ಅದು ಕೆಂಪಾಗಿತ್ತು. ಸರ್ಕ್ಯೂಟ್ ಬೋರ್ಡಿನ ಅಂಚಿಗೆ ಹಸಿರು ಹುಡಿ ಕಟ್ಟಿತ್ತು. ಕೀಬೋರ್ಡನ್ನು ಅದಕ್ಕೆ ಜೋಡಿಸುವ ಪಟ್ಟಿ ಕೈ ತಾಗಿದ್ದೇ ತಡ ಒಣಗಿದ ಎಲೆಯಂತೆ ಮುರಿದುಬಂತು.

"ನೀರು ಬಿದ್ದಿದೆ ಸರ್. ಇದು ಮಾಮೂಲಿ ವಾರಂಟಿಗೆ ಬರಲ್ಲ," ಎಂದ.

"ಬಿದ್ದಿಲ್ಲ," ಎಂದರು ಮಾವ.

"ಒಳಗೆ ಕಾಣ್ತಿದೆಯಲ್ಲ ಸರ್."

"ನಾನು ಫೋನಿನಲ್ಲಿ ಹೇಳಿದ್ದೀನಿ ಬಿದ್ದಿಲ್ಲ ಅಂತ. ರೆಕಾರ್ಡ್ ಆಗಿದೆ."

ಅಪಘಾತದ ರಕ್ಷಣೆ ಹೇಗೂ ಇದೆ, ಯಾರ ಕೈಯಿಂದ, ಹೇಗೆ ಚೆಲ್ಲಿತು ಎಂದು ಮನೆಯವರೇ ಕಂಪನಿಗೆ ಫೋನ್ ಮಾಡಿ ಹೇಳಿದರೆ ಸಾಕು, ಬೋರ್ಡು ಸಮೇತ ಬದಲಾಯಿಸುತ್ತಾರೆ ಎಂದ ರಿಪೇರಿಯವನು. ಆದರೆ ಈಗ ಇದನ್ನು ಮುಚ್ಚಿ ಓಡಿಸುವ ಹಾಗಿಲ್ಲ. ಮಾವ ತಕ್ಷಣ ಪುಟ್ಟಿಯನ್ನು ಕೂಗಿ ವಿಚಾರಣೆಗೆ ನಿಲ್ಲಿಸಿದರು. ಆ ಗಲಾಟೆಯ ನಡುವೆ ರಿಪೇರಿಯವನು ಬೋರ್ಡನ್ನು ಮೂಗಿನ ಹತ್ತಿರ ಹಿಡಿದು, ಸೊಸೆಗೆ ಮಾತ್ರ ಕೇಳುವ ಹಾಗೆ ಹೇಳಿದ: "ಆಸ್ಪತ್ರೆ ವಾಸನೆ ಬರ್ತಿದೆ ಮೇಡಂ. ಯಾರೋ ದಿನಾ ಒದ್ದೆ ಬಟ್ಟೇಲಿ ಒರೆಸ್ತಾರೆ. ಹಾಗಂತ ಮಾತ್ರ ಹೇಳ್ಬೇಡಿ. ಒಂದು ಸಲ ಚೆಲ್ಲಿದ್ದಕ್ಕೆ ದುಡ್ಡು ಕೊಡ್ತಾರೆ, ದಿನಾ ನೆನೆಸಿದ್ದಕ್ಕೆ ಕೊಡಲ್ಲ."

ಸೊಸೆ ತಲೆಯೆತ್ತಿದಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕೈಯಲ್ಲಿ ಬಟ್ಟೆ. ಅವರಿಗೆ ಕೇಳಿಸಿತ್ತು. ಬಟ್ಟೆಯನ್ನು ಮಡಚಿ, ಇನ್ನೊಮ್ಮೆ ಮಡಚಿ, ಸೆರಗಿನೊಳಗೆ ಇಟ್ಟುಕೊಂಡು ಒಳಗೆ ಹೋದರು.

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಬೆಳಿಗ್ಗೆಯವರೆಗೆ ಓಡುತ್ತಿದ್ದ ಯಂತ್ರ ಈಗ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಆದರೆ ಮಾವನಿಗೆ ಅದರ ಚಿಂತೆಯಿಲ್ಲ. ತಮ್ಮ ಮಾತು ಸುಳ್ಳಾಯಿತಲ್ಲ ಎಂಬುದೇ ಸಂಕಟ. ಸ್ಟೋರಿನಲ್ಲಿ ಕೂತಷ್ಟು ಕಾಲ ತಾನೊಂದು ತಪ್ಪು ಲೆಕ್ಕ ಹೇಳಿದವನಲ್ಲ, ಈಗ ರೆಕಾರ್ಡಿನಲ್ಲಿ ಸುಳ್ಳುಗಾರನಾದೆ ಎಂದು ಊಟದ ಹೊತ್ತಿನಲ್ಲೂ ಅದೇ ರಾಗ. ಚೆಲ್ಲಿದವರು ಬಾಯಿ ಬಿಟ್ಟು ಹೇಳುವವರೆಗೂ ತಾವು ಫೋನ್ ಮುಟ್ಟುವುದಿಲ್ಲ ಎಂದರು. ಹಿಡಿದ ಮೊಲಕ್ಕೆ ಮೂರೇ ಕಾಲು.

ಎರಡು ದಿನ ಹಾಗೇ ಹೋಯಿತು. ಸೊಸೆ ಗಂಡನ ಮೊಬೈಲಿನಲ್ಲಿ ಪಾಠ ಕೇಳುತ್ತ, ಹೆಬ್ಬೆರಳುಗಳಲ್ಲಿ ಟೈಪು ಮಾಡಲು ನೋಡಿದಳು. ಒಂದು ಪಾಠ ಮುಗಿಯುವಷ್ಟರಲ್ಲಿ ಬೆರಳು ಸೆಟೆದುಕೊಂಡವು. ಆಫೀಸಿಗೆ ಫೋನ್ ಮಾಡಿ ಹೇಳಿದಾಗ ಅಲ್ಲಿಯ ಹೆಂಗಸು, ಈ ವಾರದೊಳಗೆ ಸರಿಯಾದರೆ ನಡೆಯುತ್ತದೆ, ಅಷ್ಟರವರೆಗೆ ನಿಮ್ಮ ಕುರ್ಚಿ ಹಾಗೇ ಇರುತ್ತದೆ ಎಂದು ಸಮಾಧಾನವಾಗಿಯೇ ಹೇಳಿದಳು.

ಮೆಟ್ಟಿಲ ಮೇಲೆ ಗಂಡನನ್ನು ಹಿಡಿದು ನಿಲ್ಲಿಸಿ ಸೊಸೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕೈಯಲ್ಲಿದ್ದ ಗ್ರೀಸಿನ ಕಲೆ ಉಜ್ಜಿಕೊಂಡ.

"ಅಮ್ಮನ ಹೆಸರು ಎತ್ತಬೇಡ. ಅಪ್ಪ ಸಾಯೋವರೆಗೂ ಅದನ್ನೇ ಹೇಳಿ ಹೇಳಿ ಅವಳನ್ನ ತಿಂದುಬಿಡ್ತಾರೆ. ಪುಟ್ಟಿ ಚೆಲ್ಲಿದ್ಲು ಅಂತ ಹೇಳಿದ್ರೆ ಆಯ್ತು. ಮಗು, ಯಾರೂ ಏನೂ ಅನ್ನಲ್ಲ."

ರಾತ್ರಿ ಊಟಕ್ಕೆ ಕೂತಾಗ ಅವನೇ ಪೀಠಿಕೆ ಹಾಕಿದ. ಪುಟ್ಟಿಯ ತಲೆ ಸವರಿ, ನೀನು ಆಟ ಆಡ್ತಾ ಲೋಟ ತಗಲಿಸಿದ್ದೆ ಅಲ್ವಾ, ನೆನಪು ಮಾಡ್ಕೋ ಎಂದ. ಮಾವ ಕೈತೊಳೆದು ಬಂದು, ನಿಜ ಹೇಳಿದರೆ ಯಾರೂ ಹೊಡೆಯೋದಿಲ್ಲ ಎಂದು ಭರವಸೆ ಕೊಟ್ಟರು. ಅತ್ತೆ ಎಲ್ಲರಿಗೂ ಅನ್ನ ಬಡಿಸಿದರು, ತಲೆ ಎತ್ತಲಿಲ್ಲ.

"ನಾನು ಚೆಲ್ಲಿಲ್ಲ," ಎಂದಳು ಪುಟ್ಟಿ.

"ಮರೆತಿರ್ತೀಯ ಚಿನ್ನ."

"ಚೆಲ್ಲಿಲ್ಲ. ನಾನು ಬಾಟಲಿಯಲ್ಲಿ ಕುಡಿಯೋದು. ನನಗೆ ಲೋಟ ಕೊಡೋದೇ ಇಲ್ಲ ನೀವು."

ಮಾತು ಸರಿಯಾಗಿಯೇ ಇತ್ತು. ಆದರೆ ದೊಡ್ಡವರು ಮೂವರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಮಗು ತಟ್ಟೆ ಬಿಟ್ಟು ತಿರುಗಿ ಕೂತಿತು. "ಚೆಲ್ಲಿದ್ನಾ?" ಎಂದು ತಾಯಿಯನ್ನೇ ಕೇಳಿತು.

ಸೊಸೆ ಪುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನಿಜ ಗಂಟಲಿನಲ್ಲೇ ಇತ್ತು, ಬಿಸಿ ತುಪ್ಪದ ಹಾಗೆ. ಎದುರಿಗೆ ಅತ್ತೆಯ ಕೈ ಕಂಡಿತು. ಔಷಧಿ ನೀರಿನಲ್ಲಿ ನೆಂದು ನೆಂದು ಬೆರಳ ತುದಿಗಳು ಬಿಳಿಚಿಕೊಂಡ ಕೈ, ಅನ್ನದ ಸಟ್ಟುಗ ಹಿಡಿದು ಗಾಳಿಯಲ್ಲೇ ನಿಂತಿತ್ತು.

"ಅವಳಲ್ಲ. ನಾನು," ಎಂದಳು ಸೊಸೆ. "ಕೆಲಸ ಮಾಡ್ತಾ ಲೋಟ ತಾಗಿ ಬಿತ್ತು. ಹೇಳೋಕೆ ಹೆದರಿಕೆ ಆಯ್ತು."

ಸಟ್ಟುಗ ಮೆಲ್ಲಗೆ ಪಾತ್ರೆಗೆ ಇಳಿಯಿತು. ಮಾವ ಮಾತ್ರ ಗೆದ್ದವರಂತೆ ಕುರ್ಚಿಗೆ ಒರಗಿದರು. "ಮೊದಲೇ ಹೇಳಿದ್ದರೆ ಎರಡು ದಿನ ಉಳೀತಿತ್ತಲ್ಲಮ್ಮ. ಸಾಮಾನು ಹಾಳಾದರೆ ತಪ್ಪಲ್ಲ, ಮುಚ್ಚಿಡೋದು ತಪ್ಪು. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆಯಲ್ಲ." ಆ ಪ್ರವಚನ ಊಟ ಮುಗಿದು ಮೇಜು ಒರೆಸುವವರೆಗೂ ನಡೆಯಿತು. ಆವತ್ತು ಮೇಜು ಒರೆಸಿದ್ದು ಸೊಸೆಯೇ.

ಮರುದಿನ ರೆಕಾರ್ಡಾಗುವ ಕರೆಯಲ್ಲಿ ಅವಳು ಲೋಟದ ಗಾತ್ರ, ನೀರಿನ ಅಂದಾಜು, ಬಿದ್ದ ದಿಕ್ಕು ಎಲ್ಲವನ್ನೂ ಹೇಳಿದಳು. ಪಕ್ಕದಲ್ಲಿ ಕೂತ ಮಾವ ಸರಿಯಿದೆ ಎಂದು ತಲೆಯಾಡಿಸುತ್ತಿದ್ದರು. ಕಂಪನಿ ಒಪ್ಪಿತು. ಲ್ಯಾಪ್‌ಟಾಪ್ ಮಾತ್ರ ದೊಡ್ಡ ಸೆಂಟರಿಗೆ ಹೋಗಬೇಕು, ಬೋರ್ಡು ಬೇರೆ ಕಡೆಯಿಂದ ಬರಬೇಕು ಎಂದಿತು.

ಬೋರ್ಡು ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಆಫೀಸಿನ ಹೆಂಗಸು ಎರಡನೆಯ ಸಲ ಮಾತಾಡುವಾಗ ಅಷ್ಟೇ ಸಮಾಧಾನವಾಗಿ, ಬೇರೆಯವರನ್ನು ತೆಗೆದುಕೊಂಡಿದ್ದೇವೆ, ಮತ್ತೆ ಜಾಗ ಖಾಲಿಯಾದರೆ ಖಂಡಿತ ತಿಳಿಸುತ್ತೇವೆ ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಣ್ಣದ ಅಂಗಡಿಯವನಿಗೆ ಗಂಡನೇ ಫೋನ್ ಮಾಡಿ ಬೇಡವೆಂದ. ಆ ಒಂದು ಕೆಲಸವನ್ನು ಮಾತ್ರ ಅವನು ಯಾರೂ ಹೇಳದೆ, ತಡಮಾಡದೆ ಮಾಡಿದ. ಅದಕ್ಕಾಗಿ ಸೊಸೆ ಅವನ ಜೊತೆ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಗ್ಯಾಸ್ ಮುಗಿಯಿತು, ಹೇಳಲೇಬೇಕಾಯಿತು.

ಈ ಮಧ್ಯೆ ಸ್ಟೋರ್ ಸಾಹೇಬರು ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಕಥೆ ಹೇಳಿಯಾಗಿತ್ತು. ಸೊಸೆ ನೀರು ಚೆಲ್ಲಿದರೂ, ಗಡುವಿಗೆ ಮೊದಲೇ ತಾವು ನಂಬರು ಹಾಕಿ ನೋಡಿದ್ದರಿಂದ ಬಿಡಿಗಾಸು ಖರ್ಚಿಲ್ಲದೆ ಹೊಸ ಬೋರ್ಡು. ಕೆಳಮನೆಯ ದರ್ಜಿ, ಸೊಸೆ ಹಾಲು ತರಲು ಹೋದಾಗ, ಹುಷಾರಮ್ಮ, ಚೆಲ್ಲೀತು ಎಂದು ನಕ್ಕ. ಮನೆಯಲ್ಲಿ ಅವಳ ಲೋಟವನ್ನು ಮೇಜಿನ ಆಚೆ ತುದಿಗೆ ಇಡುವ ಹೊಸ ರೂಢಿ ಶುರುವಾಯಿತು. ಇಡುತ್ತಿದ್ದವಳು ಪುಟ್ಟಿ, ಬಹಳ ಜವಾಬ್ದಾರಿಯಿಂದ. ಅದನ್ನು ನೋಡಿದಾಗಲೆಲ್ಲ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ಫ್ರಿಜ್ಜಿನ ತಲೆಯ ಮೇಲೆ ತೆಳ್ಳಗೆ ಧೂಳು ಕೂತಿತ್ತು. ಆ ಮನೆಯಲ್ಲಿ ಧೂಳು ಕಂಡದ್ದು ಅದೇ ಮೊದಲು.

ಕೊನೆಗೊಂದು ದಿನ ಲ್ಯಾಪ್‌ಟಾಪ್ ಹೊಸದಾಗಿ ಹೊಳೆಯುತ್ತ ಬಂತು. ಕೀಲಿಗಳು ಟಕಟಕ ಎನ್ನುತ್ತಿದ್ದವು, ಒಂದೂ ಅಂಟುತ್ತಿರಲಿಲ್ಲ. ಮಾವನ ಸಂತೋಷಕ್ಕೆ ಪಾರವಿರಲಿಲ್ಲ. ಇನ್ನೊಂದು ಕೆಲಸವನ್ನೂ ಅವರು ಆಗಲೇ ಮಾಡಿ ಮುಗಿಸಿದ್ದರು. ಗಡುವು ಮುಗಿಯುವ ಮೊದಲೇ ದುಡ್ಡು ಕಟ್ಟಿ ವಾರಂಟಿಯನ್ನು ಮುಂದುವರಿಸಿದ್ದರು.

"ಇನ್ನು ಮೂರು ವರ್ಷ ಯೋಚನೆ ಇಲ್ಲ," ಎಂದರು. "ಈ ಮನೆ ವಿಳಾಸಕ್ಕೇ ಬರೆಸಿದ್ದೀನಿ. ಏನಾದರೂ ಆದರೆ ಇಲ್ಲಿಗೇ ಬರ್ತಾರೆ. ನೀನು ಎಲ್ಲೂ ಹೋಗಬೇಕಾಗಿಲ್ಲ."

ಅವರು ಒಳ್ಳೆಯದಕ್ಕೆಂದೇ ಹೇಳಿದ್ದರು. ಸೊಸೆ ಆಯಿತು ಮಾವ ಎಂದು, ಊಟದ ಹೊತ್ತಾದ್ದರಿಂದ ಲ್ಯಾಪ್‌ಟಾಪನ್ನು ಎತ್ತಿ ಫ್ರಿಜ್ಜಿನ ತಲೆಯ ಮೇಲಿಟ್ಟಳು.

ಊಟವಾದ ಮೇಲೆ ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಸೊಸೆ ತೊಳೆಯುತ್ತಿದ್ದಳು, ಅತ್ತೆ ಒಣಬಟ್ಟೆ ಹಿಡಿದು ಒರೆಸಿಡುತ್ತಿದ್ದರು. ಒಂದೆರಡು ತಟ್ಟೆಗಳಾದ ಮೇಲೆ ಅತ್ತೆ ಕೇಳಿದರು.

"ಕಂಪನಿಯವರಿಗೆ ಸುಳ್ಳು ಹೇಳಿದ್ದು ಸರಿ. ಮನೇಲಾದ್ರೂ ನಿಜ ಹೇಳಬಹುದಿತ್ತಲ್ಲ. ಆವತ್ತು ಊಟಕ್ಕೆ ಕೂತಾಗ ಯಾಕೆ ನನ್ನ ಹೆಸರು ಹೇಳಲಿಲ್ಲ?"

"ಹೇಳಿದ್ರೆ, ಆಮೇಲೆ ದಿನಾ ಬೆಳಗಾದ್ರೆ ಇದೇ ಅಡುಗೆಮನೇಲಿ ನಿಮ್ಮ ಮುಖ ನೋಡ್ಬೇಕಲ್ಲ ಅತ್ತೆ."

ಅತ್ತೆ ಕೈಯಲ್ಲಿದ್ದ ತಟ್ಟೆಯನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಸ್ಟ್ಯಾಂಡಿಗೆ ಸೇರಿಸಿದರು. ಅವರ ದನಿಯಲ್ಲಿ ಕೊಂಕಿರಲಿಲ್ಲ.

"ಆವತ್ತಿನ್ನೂ ಆ ಕೆಲಸ ನಿನ್ನ ಕೈಲೇ ಇತ್ತಲ್ಲ. ನೀನು ಈ ಮನೆ ಬಿಟ್ಟು ಹೋಗೋಳಿದ್ದೆ."

ಸೊಸೆಯ ಕೈ ನೊರೆಯಲ್ಲೇ ನಿಂತಿತು. ಹೌದು, ಆವತ್ತು ಕುರ್ಚಿ ಇತ್ತು. ಬಣ್ಣದ ಅಂಗಡಿಯ ಮೇಲಿನ ಕಿಟಕಿಯೂ ಇತ್ತು, ಅದರ ಕೆಳಗೆ ಮೇಜು ಹಾಕುವ ಜಾಗವೂ ಇತ್ತು. ನಾನು ಎಂದು ಬಾಯಿ ಬಿಟ್ಟ ಆ ಗಳಿಗೆಯಲ್ಲಿ ಅವುಗಳಲ್ಲಿ ಒಂದೂ ಅವಳ ನೆನಪಿಗೆ ಬಂದಿರಲಿಲ್ಲ. ಹುಡುಕಿದಳು, ಬಂದೇ ಇರಲಿಲ್ಲ.

ನಲ್ಲಿ ಸುರಿಯುತ್ತಲೇ ಇತ್ತು. ಅತ್ತೆ ಕೈ ಚಾಚಿ ಅದನ್ನು ನಿಲ್ಲಿಸಿದರು.

"ತಟ್ಟೆ ಇತ್ತ ಕೊಡು," ಎಂದರು.

ಕೊಟ್ಟಳು.